ಮೆಡಿಯಾಗೆ ಮೂರನೇ ಸ್ಥಾನ

ಒಂದು ಸಲ ಹೆರುವುದಕ್ಕಿಂತ ಮೂರು ಸಲ ಯುದ್ಧಕ್ಕೆ ನಿಲ್ಲುವುದೇ ಮೇಲು ಅನ್ನುತ್ತಾಳೆ ಮೆಡಿಯಾ, ಅದೇ ಹೆಸರಿನ ಗ್ರೀಕ್ ನಾಟಕದ ನಾಯಕಿ. ದುಡ್ಡು ಕೊಟ್ಟು ಗಂಡನನ್ನು ತರಬೇಕು, ಆಮೇಲೆ ಅವನೇ ನಮ್ಮ ಮೈಗೆ ಒಡೆಯ ಅಂತಲೂ! ನಾಟಕಕಾರ ಯೂರಿಪಿಡೀಸ್ ಇದನ್ನು ಆಡಿಸಿದ್ದು ಕ್ರಿ.ಪೂ. 431ರಲ್ಲಿ. ಮುಂಬಯಿಯ ಡೊಂಬಿವಲಿ ಲೋಕಲ್ ರೈಲಿನ ಲೇಡೀಸ್ ಡಬ್ಬದಲ್ಲಿ ಈಗ ಜೋರಾಗಿ ಓದಿದರೂ ಅರ್ಧ ಡಬ್ಬ ಹೂಂಗುಟ್ಟುತ್ತದೆ. ತಮಾಷೆ ಅಂದ್ರೆ, ಆ ಮಾತು ಬರೆದವನೂ ಗಂಡಸು, ವೇಷ ಕಟ್ಟಿದವನೂ ಗಂಡಸೇ. ಆಗಿನ ನಾಟಕ ಸ್ಪರ್ಧೆಯಲ್ಲಿ ಇದಕ್ಕೆ ಸಿಕ್ಕಿದ್ದು ಮೂರನೇ ಸ್ಥಾನ, ಅಂದರೆ ಕೊನೆಯದು.

ನಾಟಕದಲ್ಲಿ ಮೆಡಿಯಾ ತನ್ನ ಮಕ್ಕಳನ್ನೇ ಕೊಂದದ್ದನ್ನು ನಾನಂತೂ ಒಪ್ಪಲಾರೆ. ಆದರೆ ಗಂಡನಿಗಾಗಿ ತವರನ್ನೇ ಬಿಟ್ಟು ಬಂದವಳು. ಅವನು ಬೇರೆ ಮದುವೆಯಾದ, ರಾಜ ಊರು ಬಿಡು ಅಂದ. ಅವಳ ಕೈಯಲ್ಲಿ ಇನ್ನೇನು ಉಳಿದಿತ್ತು? ಕೊನೆಗೆ ಸೂರ್ಯನ ರಥ ಹತ್ತಿ ಹೋಗಿಯೇ ಬಿಡುತ್ತಾಳೆ. ಶಿಕ್ಷೆಯೂ ಇಲ್ಲ.

ಮಾಟುಂಗಾದಲ್ಲಿ ಯಾರಾದರೂ ಇದನ್ನು ಕನ್ನಡದಲ್ಲಿ ಆಡಿದರೆ ನನಗೊಂದು ಸೀಟು ಹಿಡಿದಿಡಿ.