ಸ್ಕ್ರೀಡ್ ಕೋಣೆ: ಮೀಟರ್ 75ರ ಕೆಳಗೆ ಇಳಿಯಿತು, ಒಂದು ಮೂಲೆ ಬಿಟ್ಟು

ಮರಗೆಲಸದ ಕೋಣೆಗೆ ವಿನೈಲ್ ಹಾಸುವ ಮೊದಲು ಅದರಡಿಯ ಸ್ಕ್ರೀಡ್, ಅಂದರೆ ಸ್ಲ್ಯಾಬ್ ಮೇಲಿನ ಮರಳು ಸಿಮೆಂಟಿನ ಪದರ, ಒಣಗಬೇಕು. ಅದರ ತೇವ ಅಳೆಯುವ ಮೀಟರ್ ಕೊನೆಗೂ ಇಳಿಯಿತು. ಕೋಣೆಯ ನಡುವೆ 73. ಮರಳು ಸಿಮೆಂಟ್ ಕಲಸಿದ್ದು, ಮಟ್ಟ ಹಿಡಿದದ್ದು, ಒಂದು ವಾರ ಪ್ಲಾಸ್ಟಿಕ್ ಹೊದಿಸಿ ಕ್ಯೂರಿಂಗ್ ಮಾಡಿದ್ದು ನಿಮಗೆಲ್ಲ ಗೊತ್ತಿರುವ ಕೆಲಸ. ಈ ಸಲ ಬರೆಯುವುದು ಒಣಗದೆ ಸತಾಯಿಸಿದ ನೆಲದ ಬಗ್ಗೆ ಮಾತ್ರ.

ಸಲಹೆಗಳಿಗೇನೂ ಬರವಿರಲಿಲ್ಲ. "ನಮ್ಮ ಕಲಬುರಗಿ ಬಿಸಿಲಿಗೆ ಎಂಟು ದಿನ ಸಾಕು" ಎಂದರು ಮೇಸ್ತ್ರಿ ಕಾಕಾ. ವಿನೈಲ್ ಅಂಗಡಿಯವನು ನೆಲಕ್ಕೆ ಅಂಗೈ ಊರಿ, "ಒಣಗಿದೆ ಸರ್, ನಾಳೆಯೇ ಹಾಸೋಣ" ಎಂದ. ಅವನ ಅಂಗೈಗೆ ಗ್ಯಾರಂಟಿ ಇಲ್ಲ. ಬ್ರಿಟನ್ನಿನ ನೆಲಹಾಸು ತಜ್ಞರ ರೂಢಿಯ ಲೆಕ್ಕ ಹೀಗಿದೆ: ಮೊದಲ 50 ಮಿ.ಮೀ. ದಪ್ಪಕ್ಕೆ ದಿನಕ್ಕೊಂದು ಮಿ.ಮೀ., ಆಮೇಲೆ ಪ್ರತಿ ಮಿ.ಮೀ.ಗೆ ಎರಡು ದಿನ. ಅದೂ ಕ್ಯೂರಿಂಗ್ ಮುಗಿದ ದಿನದಿಂದ ಎಣಿಸಬೇಕು. ಸ್ಲ್ಯಾಬ್ ತಗ್ಗಾಗಿರುವ ಈಶಾನ್ಯ ಮೂಲೆಯಲ್ಲಿ ನನ್ನ ಸ್ಕ್ರೀಡ್ 65 ಮಿ.ಮೀ. ಇದೆ, ಅಂದರೆ 80 ದಿನ. ಕಾಕಾಗೆ ಇದನ್ನು ಹೇಳಿದಾಗ ಅವರು ನನ್ನನ್ನು ನೋಡಿದ ರೀತಿಯನ್ನು ಬರೆಯದಿರುವುದೇ ಒಳ್ಳೆಯದು.

ಆ ಲೆಕ್ಕವೂ ಒಣ ಗಾಳಿಯನ್ನು ನಂಬಿಕೊಂಡದ್ದು. ನಾವು ಸ್ಕ್ರೀಡ್ ಹಾಕಿದ್ದು ಮೇ ಕೊನೆಗೆ. ಕ್ಯೂರಿಂಗ್ ಮುಗಿಯುವ ಹೊತ್ತಿಗೆ ಮುಂಗಾರು ಬಾಗಿಲಿಗೆ ಬಂದಿತ್ತು. ಸುತ್ತಲಿನ ಗಾಳಿಗಿಂತ ಹೆಚ್ಚು ಒಣಗುವ ಶಕ್ತಿ ಯಾವ ನೆಲಕ್ಕೂ ಇಲ್ಲ. ಕಿಟಕಿ ತೆರೆದಿಡಿ ಎನ್ನುವುದು ಏಪ್ರಿಲ್ ತಿಂಗಳ ಸಲಹೆ. ಜುಲೈಯಲ್ಲಿ ತೆರೆದರೆ ತೇವವನ್ನು ಮನೆಗೆ ಕರೆದಂತೆ.

ಅದೇ ಬ್ರಿಟಿಷ್ ರೂಢಿಯಲ್ಲಿ ವಿನೈಲ್‌ಗೆ ಇರುವ ಮಿತಿ 75 ಪ್ರತಿಶತ ಸಾಪೇಕ್ಷ ಆರ್ದ್ರತೆ, ಅಂದರೆ ನೆಲಕ್ಕೆ ತಾಗಿದ ಗಾಳಿ ಹಿಡಿದಿಡಬಲ್ಲ ತೇವದಲ್ಲಿ ಎಷ್ಟು ಪಾಲು ತುಂಬಿದೆ ಎಂಬ ಲೆಕ್ಕ. ನೆಲದ ಮೇಲೆ ಡಬ್ಬಿ ಬೋರಲು ಹಾಕಿ, ಅಂಚಿಗೆ ಗಾಳಿಯಾಡದಂತೆ ಪುಟ್ಟಿ ಮೆತ್ತಿ, ಒಳಗೆ ಹೈಗ್ರೋಮೀಟರ್ (ಗಾಳಿಯ ತೇವ ತೋರಿಸುವ ಮೀಟರ್) ಇಟ್ಟು, ದಿನದ ಅಂತರದ ಎರಡು ಓದುಗಳು ಒಂದೇ ಆಗುವವರೆಗೆ ಕಾಯುವುದು. ನನ್ನದು 88ರಲ್ಲಿ ಕೂತದ್ದು ಕೆಳಗಿಳಿಯಲೇ ಇಲ್ಲ. ಮಹಡಿಯ ಕೋಣೆಯಾದ್ದರಿಂದ ಕೆಳಗಿನ ಕರಿಮಣ್ಣಿನ ಮೇಲೆ ತಪ್ಪು ಹೊರಿಸುವಂತಿರಲಿಲ್ಲ. ಗೋಡೆಯಾಚೆ ಬಚ್ಚಲೂ ಇಲ್ಲ, ನಲ್ಲಿಯ ಪೈಪೂ ಇಲ್ಲ.

ಮೊದಲ ಅನುಮಾನ ಮೀಟರಿನ ಮೇಲೆ ಹೋಯಿತು. ಅದನ್ನು ಪರೀಕ್ಷಿಸಲು ಅಡುಗೆಮನೆ ಸಾಕು. ಮುಚ್ಚಿದ ಡಬ್ಬಿಯಲ್ಲಿ ಒದ್ದೆ ಉಪ್ಪು ಇಟ್ಟರೆ ಒಳಗಿನ ಗಾಳಿ 75 ಪ್ರತಿಶತಕ್ಕೆ ಬಂದು ನಿಲ್ಲುತ್ತದೆ. ನಮಗೆ ಬೇಕಾದ ಗಡಿಯೂ ಅದೇ! ಉಪ್ಪು ಪೂರ್ತಿ ಕರಗಬಾರದು, ಕೆಸರಿನಂತಿರಬೇಕು, ಅಷ್ಟೇ. ನನ್ನ ಮೀಟರ್ ತೋರಿಸಿದ್ದು 80. ಮಾರಿದವನಿಗೆ ಫೋನ್ ಮಾಡಿದೆ. "ಐದು ಹೆಚ್ಚು ತೋರಿಸಿದರೆ ನಿಮಗೇ ಸುರಕ್ಷಿತವಲ್ಲವೇ ಸರ್" ಎಂದ. ಇಂಥ ವ್ಯಾಪಾರಿಯ ಹತ್ತಿರ ತಕ್ಕಡಿ ಕೊಳ್ಳುವವರ ಗತಿ ಏನೋ.

ಐದು ಕಳೆದರೂ 83. ಉಳಿದ ಗುಟ್ಟು ಮೇಲ್ಮೈಯಲ್ಲಿತ್ತು. ಕಾಕಾ ಕೊನೆಗೆ ಅಭಿಮಾನದಿಂದ ಸಿಮೆಂಟ್ ಹಾಲು ಎಳೆದು, ಕರಣೆಯಲ್ಲಿ ತಿಕ್ಕಿ ತಿಕ್ಕಿ ಕನ್ನಡಿ ಮಾಡಿದ್ದರು. ಆ ದಟ್ಟ ಪದರ ರಂಧ್ರಗಳನ್ನು ಮುಚ್ಚಿ ಒಳಗಿನ ನೀರಿನ ದಾರಿ ಕಟ್ಟಿತ್ತು. ಬಾಡಿಗೆಗೆ ಗ್ರೈಂಡರ್ ತಂದು ಕನ್ನಡಿಯನ್ನು ತೆಗೆಸಿದೆ. ಮನೆಯ ತುಂಬ ಬೂದಿ ಬಣ್ಣದ ಧೂಳು; ಅಮ್ಮ ಒಣಗಹಾಕಿದ್ದ ಹಪ್ಪಳವೂ ಸ್ಕ್ರೀಡ್ ಆಯಿತು. ಬಳಿಕ ಕಿಟಕಿಗಳನ್ನು ಮುಚ್ಚಿ, ಗಾಳಿಯ ತೇವ ಹೀರುವ ಯಂತ್ರವಾದ ಡಿಹ್ಯೂಮಿಡಿಫೈಯರ್ ಓಡಿಸಿದೆ. ಮೀಟರ್ ಆಗ ಅಲುಗಾಡತೊಡಗಿತು. ತೇವ ಹೀರುವ ಈ ಯಂತ್ರವನ್ನು ಕ್ಯೂರಿಂಗ್ ನಡೆಯುವಾಗಲೇ ಹಚ್ಚಬಾರದು. ಮೇಲ್ಭಾಗ ಬೇಗ ಕುಗ್ಗಿ ಬಿರುಕು ಬಿಡುತ್ತದೆ, ಅಂಚುಗಳು ಮೇಲೇಳುತ್ತವೆ.

ಶಹಾಬಾದ್ ಫರಸಿ ಕಲ್ಲಿನ ಜಿಲ್ಲೆಯಲ್ಲಿ ಕೂತು ವಿನೈಲ್ ಏಕೆ ಎಂದು ಮನೆಗೆ ಬಂದವರೆಲ್ಲ ಕೇಳುತ್ತಾರೆ. ಉಳಿ ಕೈಜಾರಿ ಫರಸಿಯ ಮೇಲೆ ಬಿದ್ದರೆ ಬಾಯಿ ಮುರಿಯುತ್ತದೆ, ಅದಕ್ಕೆ. ಆದರೆ ಫರಸಿಯನ್ನು ಬಿಟ್ಟಿಲ್ಲ: ಮುಂದಿನ ಕೆಲಸ ರೌಟರ್ (ಮರದಲ್ಲಿ ಗಾಡಿ, ಅಂಚು ಕೊರೆಯುವ ಯಂತ್ರ) ಕೂರಿಸುವ ಮೇಜು, ಅದರ ಮೇಲೆ ಒಂದೂವರೆ ಇಂಚಿನ ಪಾಲಿಶ್ ಫರಸಿ. ಭಾರವಿದೆ, ಮಳೆಗಾಲದಲ್ಲಿ ಮರದಂತೆ ಬಾಗುವುದಿಲ್ಲ. ತೂತು ಕೊರೆಯಲು ಡೈಮಂಡ್ ಬಿಟ್ ಹೈದರಾಬಾದಿನಿಂದ ಬರಬೇಕು. ಬರುತ್ತದೆ ಎಂದು ಹೇಳುತ್ತಲೇ ಇದ್ದಾರೆ.

ಈಶಾನ್ಯ ಮೂಲೆ, ಐದು ಕಳೆದ ಮೇಲೂ, ಇನ್ನೂ 78. ಅಲ್ಲಿ ತೇವ ಮೇಲೇಳದಂತೆ ಎಪಾಕ್ಸಿ ತಡೆ ಪದರ ಬಳಿದು ಮುಂದುವರಿಯುವ ದಾರಿಯೂ ಇದೆ. ಆದರೆ ಡಬ್ಬದ ಬೆಲೆ ಕೇಳಿದ ಮೇಲೆ ಡಿಹ್ಯೂಮಿಡಿಫೈಯರನ್ನು ಆ ಮೂಲೆಗೆ ಎಳೆದಿದ್ದೇನೆ.