ಎಲ್ಲದಕ್ಕೂ ‘ಎಷ್ಟು?’ ಅಂದ ಮೇಡಂ

ನಮ್ಮ ಬ್ಯಾಚಿನವರು ಎಲ್ಲಾದರೂ ಸೇರಿದಾಗ ಯಾರಾದರೂ ದೊಡ್ಡ ಮಾತು ಬಿಟ್ಟರೆ ಸಾಕು, ಉಳಿದವರೆಲ್ಲ ಒಟ್ಟಿಗೆ ‘ಎಷ್ಟು?’ ಅಂತ ಕೂಗುತ್ತೇವೆ. ಹೊರಗಿನವರಿಗೆ ಇದು ಅರ್ಥವಾಗುವುದಿಲ್ಲ. ಹತ್ತನೇ ಕ್ಲಾಸಿನಲ್ಲಿ ವಿಜ್ಞಾನದ ಮೇಡಂ ಹಚ್ಚಿದ ಚಟ ಇದು.

ಅದು 2021–22ರ ವರ್ಷ. ಕೊರೊನಾ ರಜೆ ಮುಗಿದು ಶಾಲೆ ತೆರೆದಿತ್ತು. ಮನೆಯಲ್ಲಿ ಕೂತು ಮೊಬೈಲಿನಲ್ಲಿ ಪಾಠ ಕೇಳಿ ಕೇಳಿ ಎಲ್ಲರಿಗೂ ಸಾಕಾಗಿತ್ತು. ಅಂಥ ಹೊತ್ತಲ್ಲಿ ಮೇಡಂ ಮತ್ತೆ ಆನ್‌ಲೈನ್ ಕೆಲಸ ಅಂದರೆ ಯಾರಿಗೆ ಇಷ್ಟವಾಗುತ್ತೆ? ಎ ಸೆಕ್ಷನ್ನಿನವರು ಕಂಪ್ಯೂಟರ್ ಕೋಣೆಯಲ್ಲಿ, ಬಿ ಸೆಕ್ಷನ್ನಿನವರು ಮನೆಯಿಂದ ತಂದ ಮೊಬೈಲು ಹಿಡಿದು ಕ್ಲಾಸಿನಲ್ಲಿ. ಇಬ್ಬರಿಗೂ ಸೇರಿ ಒಂದೇ ಗೂಗಲ್ ಶೀಟ್. ಭೂಮಿ ಬಿಸಿಯಾಗುವುದನ್ನು ತಡೆಯಲು ಏನು ಮಾಡಬಹುದು, ಒಬ್ಬೊಬ್ಬರೂ ಒಂದು ಸಾಲು ಬರೆಯಿರಿ ಅಂದರು.

ಮೊದಮೊದಲು ಬರೀ ಗಲಾಟೆ. ಒಬ್ಬ ಬರೆದದ್ದನ್ನು ಇನ್ನೊಬ್ಬ ಅಳಿಸುವುದು, ಯಾರೋ ಸಿನಿಮಾ ಹೀರೋ ಹೆಸರು ಹಾಕುವುದು. ಆಮೇಲೆ ಶೀಟ್ ತುಂಬಿತು. ಗಿಡ ನೆಡೋಣ. ಪ್ಲಾಸ್ಟಿಕ್ ಬಿಡೋಣ. ಜಾಥಾ ಮಾಡೋಣ. ಪ್ರಬಂಧದಲ್ಲಿ ಬರೆದು ಬರೆದು ಸವೆದ ಮಾತುಗಳೇ. ಸಂಜೆ ನೋಡಿದರೆ ಪ್ರತಿ ಸಾಲಿನ ಪಕ್ಕದಲ್ಲೂ ಮೇಡಂ ಕಾಮೆಂಟು: ‘ಎಷ್ಟು?’

ಮುಂದಿನ ವಾರ ಎನ್-ರೋಡ್ಸ್ ಅನ್ನುವ ಹವಾಮಾನದ ಸಿಮ್ಯುಲೇಟರ್ ತೋರಿಸಿದರು. ಅಮೆರಿಕದ ಕ್ಲೈಮೇಟ್ ಇಂಟರಾಕ್ಟಿವ್ ಸಂಸ್ಥೆ ಮತ್ತು ಎಂಐಟಿಯವರು ಸೇರಿ ಮಾಡಿದ್ದು, ಬ್ರೌಸರಿನಲ್ಲೇ ಪುಕ್ಕಟೆ ಸಿಗುತ್ತದೆ. ಕಲ್ಲಿದ್ದಲು, ತೈಲ, ಸೋಲಾರ್, ಕಾಡು, ಒಂದೊಂದಕ್ಕೂ ಒಂದು ಸ್ಲೈಡರ್. ಎಳೆದ ಹಾಗೆ, ಕಾರ್ಖಾನೆಗಳ ಕಾಲಕ್ಕೂ ಮುಂಚೆ ಇದ್ದದ್ದಕ್ಕಿಂತ 2100ರ ಹೊತ್ತಿಗೆ ಭೂಮಿ ಎಷ್ಟು ಡಿಗ್ರಿ ಜಾಸ್ತಿ ಬಿಸಿಯಾಗಿರುತ್ತದೆ ಅನ್ನುವ ಅಂಕಿ ಬದಲಾಗುತ್ತದೆ. ಏನೂ ಮುಟ್ಟದಿದ್ದರೆ ಆಗ 3.6 ಡಿಗ್ರಿ ತೋರಿಸುತ್ತಿತ್ತು. ‘ಗಿಡ ನೆಡೋಣ’ ಬಣದವರು ಕಾಡಿನ ಸ್ಲೈಡರನ್ನು ಕೊನೆಯವರೆಗೂ ಎಳೆದರು. ದಶಾಂಶದ ಆಚೆ ಸ್ವಲ್ಪ ಇಳಿಯಿತು, ಅಷ್ಟೇ. ಅಷ್ಟಕ್ಕೇ ಇಡೀ ಭಾರತಕ್ಕಿಂತ ಜಾಸ್ತಿ ಜಾಗ ಬೇಕಿತ್ತು! (ನೆರಳಿಗೆ ಗಿಡ ಬೇಕೇ ಬೇಕು, ಪಾವಗಡದ ಬಿಸಿಲು ಕಂಡವರಿಗೆ ಅದನ್ನು ಹೇಳಿಕೊಡಬೇಕಿಲ್ಲ.) ಕಾರ್ಬನ್ನಿಗೆ ಬೆಲೆ ಕಟ್ಟುವ, ಅಂದರೆ ಹೊಗೆ ಬಿಟ್ಟಷ್ಟಕ್ಕೂ ದುಡ್ಡು ತೆರಿಸುವ ಸ್ಲೈಡರ್ ಎಳೆದಾಗ ಅಂಕಿ ಚೆನ್ನಾಗಿ ಇಳಿಯಿತು. ಆ ದುಡ್ಡು ಕೊಡೋರು ಯಾರು ಅಂತ ಹಿಂದಿನ ಬೆಂಚಿನವನು ಕೇಳಿದ.

ಆಮೇಲೆ ಶೀಟಿನಲ್ಲಿ ಎಷ್ಟು ಉಳಿಯುತ್ತೆ, ಎಷ್ಟು ಖರ್ಚು ಅಂತ ನಾವೇ ಲೆಕ್ಕ ಹಾಕಿ ತುಂಬಬೇಕಿತ್ತು. ನನ್ನ ಪಾಲಿಗೆ ಬಂದದ್ದು ಫ್ಯಾನು. ಹಳೇ ಫ್ಯಾನು 75 ವಾಟ್, ಕಡಿಮೆ ಕರೆಂಟಿನ ಹೊಸ ಬಗೆಯ ಮೋಟರಿರುವ ಬಿಎಲ್‌ಡಿಸಿ ಫ್ಯಾನಾದರೆ 30 ವಾಟ್ ಸಾಕು. ಉಳಿಯೋದು 45 ವಾಟ್. ದಿನಕ್ಕೆ ಆರು ಗಂಟೆಯಂತೆ ವರ್ಷಕ್ಕೆ 200 ದಿನ ತಿರುಗಿದರೆ 54 ಯೂನಿಟ್. ಗ್ರಿಡ್ಡಿನ ಕರೆಂಟಿಗೆ ಯೂನಿಟ್ಟಿಗೆ ಸುಮಾರು 0.8 ಕೆಜಿ ಕಾರ್ಬನ್ ಡೈಆಕ್ಸೈಡ್ ಹಿಡಿದರೆ 43 ಕೆಜಿ. ಬರೆದು ಬೀಗುತ್ತಾ ಕೂತಿದ್ದೆ. ಬಿ ಸೆಕ್ಷನ್ನಿನ ಹುಡುಗಿಯರು ಬಿಸಿಯೂಟದ ಅಡುಗೆಮನೆಯ ಲೆಕ್ಕ ಹಾಕಿದ್ದರು. 14.2 ಕೆಜಿಯ ಒಂದು ಸಿಲಿಂಡರ್ ಉರಿದರೆ ಸುಮಾರು 42 ಕೆಜಿ. ಅಂದರೆ ನನ್ನ ಫ್ಯಾನು ವರ್ಷವಿಡೀ ಉಳಿಸಿದ್ದು ಅವರ ಒಂದು ಸಿಲಿಂಡರಿಗೆ ಸಮ. ಬೇಳೆ ಮೊದಲೇ ನೆನೆಹಾಕಿದರೆ ಬೇಗ ಬೇಯುತ್ತೆ, ಗ್ಯಾಸ್ ಉಳಿಯುತ್ತೆ ಅಂತ ಅಡುಗೆಯ ಅಕ್ಕ ಹೇಳಿದ್ದರಂತೆ. ಖರ್ಚಿನ ಖಾನೆಯಲ್ಲಿ ಸೊನ್ನೆ ಬರೆದು, ಪಕ್ಕದಲ್ಲಿ ನಗುವ ಎಮೋಜಿ ಹಾಕಿದ್ದರು. ಹೊಟ್ಟೆ ಉರೀತು, ಅಲ್ವಾ ಮತ್ತೆ!

ಎಲ್ಲಕ್ಕಿಂತ ಜಾಸ್ತಿ ಕಾಮೆಂಟು ಬಿದ್ದದ್ದು ‘ಸೋಲಾರ್ ಹೆಚ್ಚು ಮಾಡೋಣ’ ಅನ್ನುವ ಸಾಲಿಗೆ. ನಮ್ಮ ಪಾವಗಡ ತಾಲ್ಲೂಕಿನವರಿಗೆ ಇದು ಪುಸ್ತಕದ ವಿಷಯ ಅಲ್ಲವಲ್ಲ. ಇಲ್ಲೇ ಸೋಲಾರ್ ಪಾರ್ಕ್ ಇದೆ, ತಿರುಮಣಿ ಸುತ್ತಿನ ಐದು ಹಳ್ಳಿಗಳಲ್ಲಿ 13,000 ಎಕರೆ, 2,050 ಮೆಗಾವಾಟ್. ಜಮೀನು ಕೊಂಡುಕೊಂಡಿರಲಿಲ್ಲ, ಗುತ್ತಿಗೆಗೆ ಪಡೆದಿದ್ದರು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ‘ಮಳೆ ಇಲ್ಲದೆ ಕಡಲೆಕಾಯಿ ಹಾಕಿ ಕಳ್ಕೊಳ್ತಿದ್ವಿ, ಈಗ ದುಡ್ಡು ಬರುತ್ತೆ’ ಅಂತ ಒಬ್ಬ ಬರೆದ. ಅದರ ಕೆಳಗೆ ಇನ್ನೊಬ್ಬ: ‘ನಿಮಗೆ ಜಮೀನಿತ್ತು. ನಮ್ಮಮ್ಮ ನಿಮ್ಮ ಹೊಲಕ್ಕೆ ಕೂಲಿಗೆ ಬರ್ತಿದ್ಲು. ಈಗ ಎಲ್ಲಿಗೆ ಹೋಗ್ಬೇಕು?’ ಮೂರನೆಯವನು ಕುರಿ ಮೇಯಿಸೋಕೆ ಜಾಗ ಇಲ್ಲ ಅಂದ. ಮೂವರೂ ಒಂದೇ ಬಸ್ಸಿನಲ್ಲಿ ಬರುತ್ತಿದ್ದವರು. ಬಾಯಿಮಾತಿನಲ್ಲಿ ಆಗಿದ್ದರೆ ಕೈ ಕೈ ಮಿಲಾಯಿಸುತ್ತಿದ್ದರೇನೋ. ಬರೆಯಬೇಕಾಗಿ ಬಂದದ್ದರಿಂದ ನಿಧಾನವಾದರು. ಆ ಸಾಲು ನಾಲ್ಕೈದು ಸಲ ತಿದ್ದುಪಡಿಯಾಗಿ ಕೊನೆಗೆ ಹೀಗಾಯಿತು: ಪ್ಯಾನೆಲ್ ನಡುವೆ ಕುರಿ ಬಿಟ್ಟರೆ ಹುಲ್ಲು ಕೊಯ್ಯುವ ಖರ್ಚೂ ಉಳಿಯುತ್ತೆ, ಪ್ಯಾನೆಲ್ ತೊಳೆಯುವ ಕೆಲಸ ಜಮೀನಿಲ್ಲದವರಿಗೆ ಮೊದಲು ಸಿಗಬೇಕು. ಅಲ್ಲಿಗೂ ಮೇಡಂ ಬಿಡಲಿಲ್ಲ. ‘ಎಷ್ಟು ಜನಕ್ಕೆ?’ ಅಂದರು. ಆ ಲೆಕ್ಕ ನಮಗೆ ಸಿಗಲಿಲ್ಲ, ಖಾನೆ ಖಾಲಿ ಉಳಿಯಿತು.

ಬೇಳೆ ನೆನೆಹಾಕುವುದು ಮಾತ್ರ ಕೂಡಲೇ ಜಾರಿಗೆ ಬಂತು. ಫ್ಯಾನಿಗೆ ದುಡ್ಡಿರಲಿಲ್ಲ. ಟ್ಯೂಬ್‌ಲೈಟ್ ಕೆಟ್ಟಾಗ ಅದರ ಜಾಗಕ್ಕೆ ಎಲ್‌ಇಡಿ ಹಾಕುವುದು ಅಂತಾಯಿತು.

ಶೀಟಿನ ಲಿಂಕ್ ಈಗಲೂ ಮೇಡಂ ಹತ್ತಿರ ಇದೆ. ಎನ್-ರೋಡ್ಸ್‌ನ ಮೊದಲ ಅಂಕಿ ಈಗ 3.3ಕ್ಕೆ ಬಂದಿದೆ. ಗ್ರಿಡ್ಡಿಗೆ ಸೋಲಾರ್ ಜಾಸ್ತಿ ಸೇರಿ ಆ 0.8 ಕೂಡ ಇಳಿದಿದೆ, ಹಾಗಾಗಿ ನನ್ನ 43 ಕೆಜಿ ಹಳೇ ಲೆಕ್ಕ. ಈಗಿನ ಹತ್ತನೇ ಕ್ಲಾಸಿನವರು ಅದನ್ನು ತಿದ್ದಿ. ತಿರುಮಣಿ ಕಡೆಯಿಂದ ಬರುವವರು ಇದ್ದರೆ ಆ ಖಾಲಿ ಖಾನೆಗೂ ಒಂದು ಅಂಕಿ ಹುಡುಕಿ ಹಾಕಿ.