ಐಸ್‌ಕ್ರೀಮ್ ಪೆಟ್ಟಿಗೆಯಲ್ಲಿ ಪುನರ್ಪುಳಿ

ಬದಿಯಡ್ಕದಲ್ಲಿ ಮುಚ್ಚಿದ ಅಂಗಡಿಯೊಂದರ ಐಸ್‌ಕ್ರೀಮ್ ಫ್ರೀಜರ್ ಅಗ್ಗಕ್ಕೆ ಸಿಕ್ಕಿತ್ತು. ಈಗ ಅದರೊಳಗೆ 19 ಲೀಟರಿನ ಕೆಗ್, ಅಂದರೆ ಗ್ಯಾಸಿನ ಪಾನೀಯ ತುಂಬಿಡುವ ಲೋಹದ ಪೀಪಾಯಿ, ತುಂಬ ಪುನರ್ಪುಳಿ ಸೋಡಾ. ಬಿಯರ್ ಅಲ್ಲ ಮಾರಾಯ್ರೆ, ಅದನ್ನು ಮನೆಯಲ್ಲಿ ಮಾಡಿದರೆ ಅಬಕಾರಿಯವರು ಬರುತ್ತಾರೆ.

ಫ್ರೀಜರನ್ನು ಸುಮ್ನೆ ಬಿಟ್ಟರೆ ಮೈನಸ್ 18 ಡಿಗ್ರಿಗೆ ಇಳಿದು ಸೋಡಾ ಕಲ್ಲಾಗುತ್ತದೆ. ಅದಕ್ಕೇ ಪ್ಲಗ್ಗಿಗೂ ಫ್ರೀಜರಿಗೂ ನಡುವೆ ಒಂದು ಟೆಂಪರೇಚರ್ ಕಂಟ್ರೋಲರ್. 6 ಡಿಗ್ರಿ ದಾಟಿದರೆ ಕರೆಂಟ್ ಕೊಡುತ್ತದೆ, 4ಕ್ಕೆ ಬಂದರೆ ಕಡಿಯುತ್ತದೆ. ಮೊದಲು ಸೆನ್ಸರನ್ನು ಗಾಳಿಯಲ್ಲೇ ನೇತು ಹಾಕಿದ್ದೆ. ಮುಚ್ಚಳ ತೆಗೆದಾಗಲೆಲ್ಲ ಕಂಪ್ರೆಸರ್ ಗುರ್ ಅನ್ನುತ್ತಿತ್ತು. ಈಗ ಕೆಗ್‌ನ ಮೈಗೇ ಅಂಟಿಸಿ, ಮೇಲೊಂದು ಥರ್ಮಾಕೋಲ್ ತುಂಡು ಕಟ್ಟಿದ್ದೇನೆ. ಗಲಾಟೆ ನಿಂತಿದೆ.

ಸೋಡಾ ಹೊರಗೆ ತರುವ ಪೈಪಿಗಾಗಿ ಫ್ರೀಜರಿನ ಪಕ್ಕಕ್ಕೇ ಡ್ರಿಲ್ ಇಡಲು ಹೊರಟಿದ್ದೆ. ಒಳಗೆ ಫ್ರೀಜರನ್ನು ತಣ್ಣಗಿಡುವ ಗ್ಯಾಸಿನ ಕೊಳವೆ ಉಂಟು ಅಂತ ವೈರಿಂಗಿಗೆ ಬಂದವರು ಕೈ ಹಿಡಿದರು. ಆಮೇಲೆ ಮುಚ್ಚಳದ ಕೆಳಗೆ ಹಲಸಿನ ಹಲಗೆಯ ಚೌಕಟ್ಟು ಕೂರಿಸಿ, ಅದಕ್ಕೆ ತೂತು ಕೊರೆದೆವು.

"ಇಷ್ಟೆಲ್ಲ ಯಾಕೆ ಮಗಾ, ಮಣ್ಣಿನ ಹೂಜಿ ಸಾಲದಾ?" ಅಂದರು ಅಮ್ಮ. ಹೂಜಿಗೆ ಸೆನ್ಸರ್ ಬೇಕಿರಲಿಲ್ಲ, ನಿಜ. ಆದರೆ ತಣ್ಣಗಿದ್ದಷ್ಟೂ ಸೋಡಾದ ಗ್ಯಾಸ್ ನೀರಲ್ಲಿ ಜಾಸ್ತಿ ಕರಗುತ್ತದೆ, ಬಾಯಿ ತೆರೆದ ಹೂಜಿಯಲ್ಲಿ ಅದು ನಿಲ್ಲುತ್ತದಾ? ಹಾಗಂತ ವಿವರಿಸುತ್ತಿದ್ದೆ. ಅಮ್ಮ ಎರಡನೇ ಲೋಟ ತುಂಬಿಸಿಕೊಳ್ಳುತ್ತಿದ್ದರು.